ಪ್ರೆಶರ್ ಇಳಿದಿದೆಯೇ? ನೀರು ಹೋದ ದಾರಿ ಹಿಡಿಯಿರಿ

ವ್ಯಾನಿನಲ್ಲಿ ಕೂರಿಸಿದ ಕಾರ್ಪೆಟ್ ಕ್ಲೀನಿಂಗ್ ಯಂತ್ರದಲ್ಲಿ ಪ್ರೆಶರ್ ಇಳಿದೊಡನೆ ಬಹಳ ಜನರ ಕೈ ಮೊದಲು ಹೋಗುವುದು ಪ್ರೆಶರನ್ನು ಹದದಲ್ಲಿಡುವ ರೆಗ್ಯುಲೇಟರಿನ ತಿರುಪಿಗೆ. ಅರ್ಧ ಸುತ್ತು ಬಿಗಿ ಮಾಡಿದರೆ ಗೇಜಿನ ಮುಳ್ಳು ಏರುತ್ತದೆ, ಅವತ್ತಿನ ಕೆಲಸ ಸಾಗುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಅರ್ಧ ಸುತ್ತು. ಮೂಲ ದೋಷ ಹಾಗೇ ಬೆಳೆಯುತ್ತಿರುತ್ತದೆ. ಅಪಾಯ ಇನ್ನೊಂದಿದೆ: ವಾಲ್ವಿನಲ್ಲಿ ಸಿಕ್ಕಿಕೊಂಡಿದ್ದ ಕಸ ಒಂದು ದಿನ ತಾನಾಗಿ ಕಳಚಿದರೆ, ಬಿಗಿ ಮಾಡುತ್ತಾ ಬಂದ ರೆಗ್ಯುಲೇಟರ್ ಪ್ರೆಶರನ್ನು ಎಲ್ಲಿಗೋ ಏರಿಸಿಬಿಡುತ್ತದೆ. ಆದ್ದರಿಂದ ಕಾರಣ ಸಿಗುವ ತನಕ ಆ ತಿರುಪನ್ನು ಮುಟ್ಟಬೇಡಿ.

ಪಂಪ್ ಮಾಡುವುದು ಒಂದೇ ಕೆಲಸ, ನೀರನ್ನು ತಳ್ಳುವುದು. ತಳ್ಳಿದ ನೀರಿಗೆ ಮುಂದೆ ಜೆಟ್‌ನ ಸಣ್ಣ ರಂಧ್ರ ಅಡ್ಡ ಬಂದಾಗ ಪ್ರೆಶರ್ ಹುಟ್ಟುತ್ತದೆ. ಹಾಗಾಗಿ ಪ್ರೆಶರ್ ಕಡಿಮೆ ಎಂದರೆ ಪಂಪಿಗೆ ಸಾಕಷ್ಟು ನೀರು ಬರುತ್ತಿಲ್ಲ, ಬಂದದ್ದನ್ನು ಪಂಪ್ ತಳ್ಳುತ್ತಿಲ್ಲ, ಇಲ್ಲವೇ ತಳ್ಳಿದ ನೀರು ಜೆಟ್ ತಲುಪುವ ಮುಂಚೆ ಬೇರೆಲ್ಲೋ ಜಾರಿ ಹೋಗುತ್ತಿದೆ. ಗೇಜಿನಲ್ಲಿ ಪ್ರೆಶರ್ ಸರಿಯಿದ್ದೂ ವಾಂಡಿನಲ್ಲಿ (ಕಾರ್ಪೆಟ್ ಮೇಲೆ ಆಡಿಸುವ, ನೀರು ಸಿಂಪಡಿಸುವ ಜೆಟ್‌ಗಳಿರುವ ಕೈಕೊಳವೆ) ಇಲ್ಲದಿರುವುದು ಬೇರೆಯೇ ದೋಷ. ಅದನ್ನು ಕೊನೆಗೆ ನೋಡೋಣ.

ಮೊದಲು ಗೇಜನ್ನು ಎರಡು ಸಲ ಓದಿ, ವಾಂಡ್ ಮುಚ್ಚಿದಾಗ ಒಮ್ಮೆ, ತೆರೆದಾಗ ಒಮ್ಮೆ. ಕಾರ್ಪೆಟ್ ಕೆಲಸಕ್ಕೆ ಸಾಮಾನ್ಯವಾಗಿ 300ರಿಂದ 500 ಪಿಎಸ್‌ಐ (ಪ್ರೆಶರಿನ ಅಳತೆ, ಚದರ ಇಂಚಿಗೆ ಪೌಂಡ್) ಇಡುತ್ತಾರೆ. ತೆರೆದಾಗ 50, ಹೆಚ್ಚೆಂದರೆ 100 ಪಿಎಸ್‌ಐ ಇಳಿದರೆ ಅದು ರೆಗ್ಯುಲೇಟರಿನ ಸಹಜ ಗುಣ. ಮುಚ್ಚಿದಾಗ 400 ತೋರಿಸಿ ತೆರೆದಾಗ 150ಕ್ಕೆ ಬಿದ್ದರೆ ನೀರಿನ ಪ್ರಮಾಣ ಸಾಲುತ್ತಿಲ್ಲ. ಎರಡು ಸಲವೂ ಕಡಿಮೆಯಿದ್ದರೆ ನೀರು ಸೋರಿಹೋಗುತ್ತಿರುವ, ಅಂದರೆ ರೆಗ್ಯುಲೇಟರ್ ಹಿಡಿಯದೇ ಬಿಡುತ್ತಿರುವ ಸಾಧ್ಯತೆ ಹೆಚ್ಚು. ಮುಳ್ಳು ಒಂದೇ ಸಮನೆ ಹೊಯ್ದಾಡುತ್ತಿದ್ದರೆ ಗಾಳಿ ಅಥವಾ ಪಂಪಿನ ವಾಲ್ವಿನ ಮೇಲೆ ಅನುಮಾನ ಪಡಬೇಕು. ಗೇಜೇ ಕೆಟ್ಟಿರುವುದೂ ಉಂಟು. ಸರಿಯಾಗಿದೆ ಎಂದು ಗೊತ್ತಿರುವ ಇನ್ನೊಂದು ಗೇಜ್ ಹಾಕಿ ನೋಡಲು ಹತ್ತು ನಿಮಿಷ ಸಾಕು. ಪಂಪ್ ಬಿಚ್ಚುವ ಮುಂಚೆ ಆ ಹತ್ತು ನಿಮಿಷ ಕೊಡಿ.

ಬಕೆಟ್ ಲೆಕ್ಕ

ನಿಖರವಾದ ಪರೀಕ್ಷೆಗೆ ಬೇಕಾಗಿರುವುದು ಅಳತೆ ಗೆರೆಯಿರುವ ಎರಡು ಬಕೆಟ್ ಮತ್ತು ಒಂದು ಗಡಿಯಾರ. ಹೀಟರ್ ಆರಿಸಿ, ನೀರು ತಣ್ಣಗಾದ ಮೇಲೆಯೇ ಮಾಡಬೇಕು. ಹೆಚ್ಚಾದ ನೀರನ್ನು ರೆಗ್ಯುಲೇಟರಿನಿಂದ ವಾಟರ್ ಬಾಕ್ಸಿಗೆ (ಪಂಪಿಗೆ ನೀರು ಕೊಡುವ ತೊಟ್ಟಿ) ಮರಳಿಸುವ ಬೈಪಾಸ್ ಹೋಸಿನ ಬಾಕ್ಸ್ ಕಡೆಯ ತುದಿಯನ್ನು ಬಿಡಿಸಿ ಒಂದು ಬಕೆಟಿಗೆ ಇಳಿಬಿಡಿ, ವಾಂಡನ್ನು ಇನ್ನೊಂದಕ್ಕೆ ಹಿಡಿಯಿರಿ. ವಾಂಡ್ ತೆರೆದಿಟ್ಟು 30 ಸೆಕೆಂಡ್ ಓಡಿಸಿ, ಬಂದ ನೀರನ್ನು ಎರಡರಿಂದ ಗುಣಿಸಿ. ಬೈಪಾಸ್ ನೀರು ಬಾಕ್ಸಿಗೆ ಮರಳದ ಕಾರಣ ಬಾಕ್ಸ್ ಬೇಗ ಬರಿದಾಗುತ್ತದೆ, ಅದಕ್ಕೇ ಪೂರ್ತಿ ನಿಮಿಷ ಬೇಡ. ಬೈಪಾಸ್ ಹೋಸನ್ನು ಮಾತ್ರ ಎಂದಿಗೂ ಮಡಚಿ ಅಥವಾ ಮುಚ್ಚಿ ಪರೀಕ್ಷಿಸಬೇಡಿ. ಪ್ಲಂಜರ್ (ಸಿಲಿಂಡರಿನಲ್ಲಿ ಹಿಂದೆ ಮುಂದೆ ಆಡುವ ದಂಡ) ಇರುವ ಪಂಪ್ ತಳ್ಳುವುದನ್ನು ನಿಲ್ಲಿಸುವುದಿಲ್ಲ. ದಾರಿ ಮುಚ್ಚಿದರೆ ಏನಾದರೊಂದು ಒಡೆಯುತ್ತದೆ.

ಪಂಪ್ ನಿಗದಿತ ವೇಗದಲ್ಲಿ ನಿಮಿಷಕ್ಕೆ 15 ಲೀಟರ್ ಕೊಡುವಂಥದ್ದು ಎಂದಿಟ್ಟುಕೊಳ್ಳಿ. ವಾಂಡಿನಲ್ಲಿ 7, ಬೈಪಾಸಿನಲ್ಲಿ 8 ಬಂದರೆ ಲೆಕ್ಕ ತಾಳೆಯಾಯಿತು. ಎರಡೂ ಸೇರಿ 10 ಮಾತ್ರ ಬಂದರೆ ಮೂರನೇ ಒಂದು ಪಾಲು ಕಾಣೆಯಾಗಿದೆ. ಮೂರು ಪ್ಲಂಜರಿನ ಪಂಪಿನಲ್ಲಿ ಒಂದು ಸಿಲಿಂಡರ್ ಕೈಕೊಟ್ಟಾಗ ಬರುವ ಅಂಕಿ ಸರಿಸುಮಾರು ಇದೇ. ಮೊತ್ತ 15 ಇದ್ದು ಪ್ರೆಶರ್ ಕಡಿಮೆ, ಬೈಪಾಸಿನಲ್ಲೇ 11 ಬರುತ್ತಿದೆ ಎಂದರೆ ಪಂಪ್ ನಿರ್ದೋಷಿ, ತಪ್ಪು ರೆಗ್ಯುಲೇಟರಿನದು. ಬೈಪಾಸಿನಲ್ಲಿ ಒಂದು ಹನಿಯೂ ಇಲ್ಲದೆ ಪ್ರೆಶರ್ ಬಿದ್ದಿದ್ದರೆ ಪಂಪಿನಿಂದ ಬರುವುದಷ್ಟೂ ವಾಂಡಿಗೆ ಹೋಗುತ್ತಿದೆ, ಆದರೂ ಸಾಲುತ್ತಿಲ್ಲ.

ಮೊತ್ತ ಕಡಿಮೆ ಬಂದರೂ ಪಂಪನ್ನು ಬಿಚ್ಚುವ ಆತುರ ಬೇಡ. ಮೊದಲು ಎಂಜಿನ್ನಿನ ವೇಗ ನೋಡಿ. ಪಂಪ್ ಕೊಡುವ ನೀರು ಅದು ತಿರುಗುವ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. 1450 ಆರ್‌ಪಿಎಂನಲ್ಲಿ 15 ಲೀಟರ್ ಕೊಡುವುದು 1160ರಲ್ಲಿ 12 ಮಾತ್ರ ಕೊಡುತ್ತದೆ. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಪಂಪಿಗೆ ವಿದ್ಯುತ್ ಕ್ಲಚ್ ಇದ್ದರೆ ಅದಕ್ಕೆ ಪೂರ್ತಿ ವೋಲ್ಟೇಜ್ ಸಿಗುತ್ತಿದೆಯೇ ಎಂದು ಅಳೆಯಿರಿ.

ಪಂಪಿಗೆ ನೀರು ಬರುವ ಕಡೆ

ಪ್ರೆಶರ್ ದೂರುಗಳ ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ. ನೀರು ಬರುವ ಹೋಸಿನ ಮಡಿಕೆ, ಅದರ ತುದಿಯ ಜಾಲರಿ, ವಾಟರ್ ಬಾಕ್ಸಿನ ಫ್ಲೋಟ್ ವಾಲ್ವ್, ಬಾಕ್ಸಿನಿಂದ ಪಂಪಿಗೆ ಹೋಗುವ ದಾರಿಯ ಫಿಲ್ಟರ್ ಇವನ್ನು ಇದೇ ಕ್ರಮದಲ್ಲಿ ನೋಡಿ. ನಲ್ಲಿಯಿಂದ 20 ಲೀಟರ್ ಬಕೆಟ್ ತುಂಬಲು ಮೂರು ನಿಮಿಷ ಹಿಡಿದರೆ ನಿಮಗೆ ಸಿಗುತ್ತಿರುವುದು ನಿಮಿಷಕ್ಕೆ ಏಳು ಲೀಟರ್‌ಗಿಂತ ಕಡಿಮೆ. ವಾಂಡನ್ನು ಎಡೆಬಿಡದೆ ಒತ್ತಿದರೆ ಬಾಕ್ಸ್ ಬರಿದಾಗುವುದು ಖಂಡಿತ. ಬೆಳಿಗ್ಗೆ ಪ್ರೆಶರ್ ಚೆನ್ನಾಗಿದ್ದು ಹದಿನೈದು ನಿಮಿಷದ ಕೆಲಸದ ನಂತರ ಕುಸಿದು, ಸ್ವಲ್ಪ ಬಿಡುವು ಕೊಟ್ಟರೆ ಮತ್ತೆ ಸರಿಹೋಗುತ್ತದೆ ಎಂಬ ದೂರಿಗೆ ಕಾರಣ ಹಲವು ಸಲ ಇಷ್ಟೇ ಇರುತ್ತದೆ.

ಫಿಲ್ಟರ್ ಶುಚಿಯಾಗಿದ್ದೂ ಪಂಪ್ ಟಕಟಕ ಸದ್ದು ಮಾಡುತ್ತಿದ್ದರೆ ಅದು ಗಾಳಿ ಎಳೆಯುತ್ತಿದೆ. ಹೀರುವ ಕಡೆಯ ಬಿರುಕು ಹೊರಗೆ ಸೋರುವುದಿಲ್ಲ, ಒಳಗೆ ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಅಲ್ಲಿ ತೇವ ಹುಡುಕಿ ಪ್ರಯೋಜನವಿಲ್ಲ. ಪಂಪಿನ ಮುಂಚಿನ ಹೋಸಿನ ಜಾಗದಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಹೋಸ್ ಹಾಕಿ. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಫಿಲ್ಟರ್ ಮುಚ್ಚಳದ ಓ-ರಿಂಗ್ ಮತ್ತು ಹೋಸ್ ಕ್ಲಾಂಪ್ ಎರಡೂ ಇದಕ್ಕೆ ಹೆಸರುವಾಸಿ. ಹಳೆಯ ರಬ್ಬರ್ ಹೋಸಿನ ಒಳಪದರ ಕಿತ್ತು, ಪಂಪ್ ಎಳೆದಾಗ ನಾಲಗೆಯಂತೆ ದಾರಿ ಮುಚ್ಚುವುದೂ ಇದೆ. ಹೊರಗಿನಿಂದ ಅದು ಹೊಚ್ಚಹೊಸದರಂತೆ ಕಾಣುತ್ತದೆ, ಆದ್ದರಿಂದ ಬಿಚ್ಚಿ ಒಳಗೆ ಬೆಳಕು ಹಾಯಿಸಿ ನೋಡಿ.

ಬಿಸಿಯೂ ಒಂದು ಕಾರಣ. ವಾಂಡ್ ಮುಚ್ಚಿಟ್ಟು ಯಂತ್ರ ಓಡುತ್ತಿದ್ದರೆ ಕೆಲವು ವಿನ್ಯಾಸಗಳಲ್ಲಿ ಅದೇ ನೀರು ಸುತ್ತಿ ಸುತ್ತಿ ವಾಟರ್ ಬಾಕ್ಸೇ ಕಾಯುತ್ತದೆ. ಬಿಸಿ ನೀರನ್ನು ಪಂಪ್ ಎಳೆದಾಗ ಆವಿಯ ಗುಳ್ಳೆ ಏಳುತ್ತದೆ, ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಬಾಕ್ಸಿಗೆ ತಣ್ಣೀರು ಬಿಟ್ಟೊಡನೆ ಪ್ರೆಶರ್ ಚೇತರಿಸಿಕೊಂಡರೆ ಪಂಪಿನ ದೋಷವಲ್ಲ ಎಂದು ತಿಳಿಯಿರಿ.

ಪಂಪ್ ಮತ್ತು ರೆಗ್ಯುಲೇಟರ್

ಮೂರು ಪ್ಲಂಜರಿನ ಪಂಪಿನಲ್ಲಿ ನೀರು ಒಳಬರಲು ಮೂರು, ಹೊರಹೋಗಲು ಮೂರು, ಒಟ್ಟು ಆರು ವಾಲ್ವ್. ಮರಳಿನ ಒಂದು ಕಣ ಅಥವಾ ಕರಗದ ಪುಡಿಯ ಒಂದು ಹರಳು ವಾಲ್ವ್ ಮುಚ್ಚಿದಾಗ ಒರಗುವ ಸೀಟಿನ ಮೇಲೆ ಕೂತರೂ ಆ ಸಿಲಿಂಡರ್ ನೀರನ್ನು ಹಿಂದಕ್ಕೂ ಮುಂದಕ್ಕೂ ತಳ್ಳಾಡುತ್ತಿರುತ್ತದೆ. ಇದರ ಗುರುತು, ತಣ್ಣೀರು ಹರಿಯುವ ಹೋಸ್ ಕೈಯಲ್ಲಿ ಜಗ್ಗಿದಂತೆ ಮಿಡಿಯುವುದು. ಮುಚ್ಚಳ ಬಿಚ್ಚಿ ವಾಲ್ವುಗಳನ್ನು ಕ್ರಮವಾಗಿ ಬಟ್ಟೆಯ ಮೇಲೆ ಇಡಿ, ಸೀಟಿನ ಅಂಚಿನಲ್ಲಿ ಉಗುರು ಆಡಿಸಿ. ಗೀರು ತಟ್ಟಿದರೆ ವಾಲ್ವ್ ಹೋಯಿತು. ಒಂದೇ ಬದಲಿಸುವುದು ಉಳಿತಾಯವಲ್ಲ. ಆರನ್ನೂ, ಅವುಗಳ ಕೆಳಗಿನ ಓ-ರಿಂಗುಗಳನ್ನೂ ಒಟ್ಟಿಗೆ ಬದಲಿಸಿ, ಮುಚ್ಚಳವನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಪಂಪಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಪ್ಲಂಜರ್ ಸೀಲ್ ಸವೆದಿದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಕ್ರ್ಯಾಂಕ್ ಕೇಸಿಗೆ ಇಳಿದಿದೆ. ಅಂಥ ಪಂಪನ್ನು ಆ ದಿನದ ಕೆಲಸ ಮುಗಿಸುವ ಆಸೆಗೂ ಓಡಿಸಬೇಡಿ.

ರೆಗ್ಯುಲೇಟರ್ ಬಿಚ್ಚುವ ಮುಂಚೆ ತಿರುಪು ಎಷ್ಟು ಹೊರಚಾಚಿದೆ ಎಂದು ಅಳೆದು ಬರೆದಿಡಿ. ಒಳಗೆ ನೋಡಬೇಕಾದದ್ದು ಪಿಸ್ಟನ್ನಿನ ಓ-ರಿಂಗ್ ಅಥವಾ ಕಪ್, ಸೀಟ್ ಮತ್ತು ಸ್ಪ್ರಿಂಗ್. ಸೀಟಿನಲ್ಲಿ ಗೀರಿದ್ದರೆ ಎಮೆರಿ ಕಾಗದದಿಂದ ಉಜ್ಜಬೇಡಿ, ಬದಲಿಸಿ. ಓ-ರಿಂಗಿಗೆ ಬಿಸಿನೀರು ತಾಳುವ ಸಿಲಿಕೋನ್ ಗ್ರೀಸ್ ಸವರದಿದ್ದರೆ ಪಿಸ್ಟನ್ ಅಂಟಿಕೊಳ್ಳುತ್ತದೆ. ಆಗ ವಾಂಡ್ ಮುಚ್ಚಿದಾಗ ಮುಳ್ಳು ನೆಗೆಯುತ್ತದೆ, ತೆರೆದಾಗ ಪ್ರೆಶರ್ ಏಳುವುದೇ ಇಲ್ಲ.

ಪಂಪೂ ರೆಗ್ಯುಲೇಟರೂ ಸರಿಯಿದ್ದು ಬಕೆಟ್ ಲೆಕ್ಕ ಮಾತ್ರ ತಪ್ಪುತ್ತಿದ್ದರೆ ಕಳ್ಳದಾರಿ ಹುಡುಕಿ. ಕೆಮಿಕಲ್ ಪ್ರೈಮ್ ವಾಲ್ವ್ (ಕೆಮಿಕಲ್ ದಾರಿಯ ಗಾಳಿ ಹೊರಹಾಕಲು ತೆರೆಯುವಂಥದ್ದು) ತೆರೆದೇ ಉಳಿದಿರಬಹುದು. ನೀರು ಮಿತಿ ಮೀರಿ ಕಾದಾಗ ರಿಕವರಿ ಟ್ಯಾಂಕಿಗೆ (ಕೊಳೆನೀರು ಸೇರುವ ಟ್ಯಾಂಕ್) ಬಿಡುವ ಡಂಪ್ ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಮುಚ್ಚದೇ ಇರಬಹುದು. ವಾಂಡ್ ಎಳೆಯದಿದ್ದರೂ ರಿಕವರಿ ಟ್ಯಾಂಕ್ ತುಂಬುತ್ತಿದ್ದರೆ ಅದನ್ನೇ ಹಿಡಿಯಿರಿ.

ಗೇಜ್ ಸರಿ, ವಾಂಡ್ ಸಪ್ಪೆ

ಇಲ್ಲಿ ಲೆಕ್ಕ ಬಹಳ ಸಹಾಯಕ್ಕೆ ಬರುತ್ತದೆ. ಜೆಟ್‌ನ ಮೇಲೆ 110015 ಎಂದಿದ್ದರೆ ಸಿಂಪಡಣೆಯ ಕೋನ 110 ಡಿಗ್ರಿ, 40 ಪಿಎಸ್‌ಐನಲ್ಲಿ ನಿಮಿಷಕ್ಕೆ 0.15 ಗ್ಯಾಲನ್ ಎಂದರ್ಥ. ಅಂಥ ನಾಲ್ಕು ಜೆಟ್ ಸೇರಿ 0.6 ಗ್ಯಾಲನ್. ಹರಿವು ಪ್ರೆಶರಿನ ವರ್ಗಮೂಲದಂತೆ ಏರುವುದರಿಂದ 400 ಪಿಎಸ್‌ಐನಲ್ಲಿ ಇವು ಸುಮಾರು 1.9 ಗ್ಯಾಲನ್, ಅಂದರೆ 7.2 ಲೀಟರ್ ಬಿಡಬೇಕು. ಹೊಸ ಜೆಟ್ ಹಾಕಿಯೂ ಬಕೆಟಿನಲ್ಲಿ 5 ಲೀಟರ್ ಬಂದರೆ ಜೆಟ್‌ನ ಬಳಿ ಇರುವುದು 190 ಪಿಎಸ್‌ಐ ಆಸುಪಾಸು. ಗೇಜ್ 400 ಎನ್ನುತ್ತಿದ್ದರೆ ಉಳಿದ 210 ದಾರಿಯಲ್ಲಿ ಕಳೆದಿದೆ.

ಅದರಲ್ಲಿ ಒಂದಷ್ಟು ಹೋಸೇ ನುಂಗುತ್ತದೆ. ಕಾಲು ಇಂಚಿನ ಹೋಸಿನಲ್ಲಿ ನಿಮಿಷಕ್ಕೆ 7 ಲೀಟರ್ ಹರಿದರೆ 30 ಮೀಟರಿಗೆ ಅಂದಾಜು 130 ಪಿಎಸ್‌ಐ ಹೋಗುತ್ತದೆ. ಮೂರೆಂಟಂಶ (3/8) ಇಂಚಿನ ಹೋಸಿನಲ್ಲಿ ಅದರ ಏಳನೇ ಒಂದು ಪಾಲಷ್ಟೇ. ದೂರದ ಕೋಣೆಯಲ್ಲಿ ಮಾತ್ರ ಕೆಲಸ ಸಪ್ಪೆ ಎನ್ನುವವರು ಯಂತ್ರವನ್ನು ದೂರುವ ಬದಲು ಹೋಸಿನ ಒಳವ್ಯಾಸ ನೋಡಬೇಕು. ಹೋಸಿನಿಂದ ವಿವರಿಸಲಾಗದ ನಷ್ಟ ಉಳಿದರೆ ಹೊರಹೋಗುವ ಕಡೆಯ ಜಾಲರಿ, ಪೂರ್ತಿ ಕೂರದ ಕ್ವಿಕ್ ಕಪ್ಲರ್, ವಾಂಡ್ ವಾಲ್ವಿನ ಸವೆದ ಪಿನ್, ಜೆಟ್ ಹಿಂದಿನ ಪುಟ್ಟ ಜಾಲರಿ ಇವನ್ನು ಬಿಚ್ಚಿ. ಜೆಟ್‌ಗೆ ತಂತಿ ತೂರಿಸಬೇಡಿ, ರಂಧ್ರ ದೊಡ್ಡದಾಗಿ ಸಿಂಪಡಣೆಯೇ ಕೆಡುತ್ತದೆ. ಸುಣ್ಣ ಕರಗಿಸುವ ದ್ರಾವಣದಲ್ಲಿ ನೆನೆಹಾಕಿ.

ಬಿಳಿ ಚಕ್ಕೆಗಳು ಜಾಲರಿಯಲ್ಲಿ ಪದೇ ಪದೇ ಸಿಗುತ್ತಿದ್ದರೆ ಗಡಸು ನೀರಿನ ಸುಣ್ಣ ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಪದರಗಟ್ಟಿದೆ. ಗೇಜ್ ಎಕ್ಸ್‌ಚೇಂಜರಿಗಿಂತ ಮೊದಲಿದ್ದರೆ ಈ ನಷ್ಟವನ್ನು ಅದು ತೋರಿಸುವುದೇ ಇಲ್ಲ. ಸಲ್ಫಾಮಿಕ್ ಆಮ್ಲ ಆಧಾರಿತ ದ್ರಾವಣವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಸುತ್ತಿಸಿ, ಚೆನ್ನಾಗಿ ತೊಳೆಯಿರಿ. ಹೈಡ್ರೋಕ್ಲೋರಿಕ್ ಆಮ್ಲ ಬೇಡ, ಅದು ಸ್ಟೇನ್‌ಲೆಸ್ ಉಕ್ಕನ್ನೂ ತಿನ್ನುತ್ತದೆ.

ಯಾವುದನ್ನೇ ಬಿಚ್ಚುವ ಮುಂಚೆ ಎಂಜಿನ್ ನಿಲ್ಲಿಸಿ, ವಾಂಡ್ ತೆರೆದು ಒಳಗಿನ ಪ್ರೆಶರ್ ಬಿಡಿ, ನೀರು ತಣ್ಣಗಾಗಲಿ. ಸೋರುವ ಜಾಗವನ್ನು ಬೆರಳಿಂದ ತಡಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಪ್ರೆಶರಿನ ಸಣ್ಣ ಎಳೆ ಚರ್ಮವನ್ನು ಸೀಳಬಲ್ಲದು. ದುರಸ್ತಿ ಮುಗಿದ ಮೇಲೆ ರೆಗ್ಯುಲೇಟರಿನ ತಿರುಪನ್ನು ಸಡಿಲಿಸಿ, ವಾಂಡ್ ತೆರೆದಿಟ್ಟುಕೊಂಡೇ ನಿಧಾನಕ್ಕೆ ಬಿಗಿ ಮಾಡುತ್ತಾ 400ಕ್ಕೆ ತನ್ನಿ. ನಂತರ ವಾಂಡ್ ಮುಚ್ಚಿ ಮುಳ್ಳು 500 ದಾಟುತ್ತಿಲ್ಲವೆಂದು ನೋಡಿ, ಎರಡು ಬಕೆಟಿನ ಅಂಕಿಗಳನ್ನು ವ್ಯಾನಿನ ಬಾಗಿಲ ಒಳಬದಿಯಲ್ಲಿ ದಿನಾಂಕ ಸಮೇತ ಬರೆಯಿರಿ.