ಗೋಡೆ ಕಟ್ಟಿದರು, ಯಾರಿಗೆ ಅಂತ ಕೇಳಲಿಲ್ಲ

1992ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ದೇಶಗಳು ಹವಾಮಾನ ಒಪ್ಪಂದಕ್ಕೆ ಸಹಿ ಹಾಕಲು ಶುರು ಮಾಡಿದಾಗ ಮಾತೆಲ್ಲ ಹೊಗೆ ಕಡಿಮೆ ಮಾಡುವುದರ ಸುತ್ತಲೇ ಇತ್ತು. ಬದಲಾದ ಹವೆಗೆ ಹೊಂದಿಕೊಳ್ಳುವ ವಿಷಯವೂ ಒಪ್ಪಂದದಲ್ಲಿತ್ತು ನಿಜ. ಆದರೆ ಅದನ್ನು ಜಾಸ್ತಿ ಎತ್ತಿದರೆ ಸೋಲು ಒಪ್ಪಿಕೊಂಡಂತೆ ಎಂಬ ಅಳುಕು ಹಲವರಿಗಿತ್ತು. ನಗರಗಳಿಗಂತೂ ಅದು ಎಂಜಿನಿಯರುಗಳ ಕೆಲಸವಾಗಿತ್ತು. ತಡೆಗೋಡೆ ಎಷ್ಟೆತ್ತರ, ಚರಂಡಿ ಎಷ್ಟಗಲ, ಅಷ್ಟೇ.

ಆ ಲೆಕ್ಕ ಸಾಲದು ಎಂದು ತೋರಿಸಿದ್ದು ಅಮೆರಿಕದ ಷಿಕಾಗೋ. 1995ರ ಜುಲೈನಲ್ಲಿ ಅಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ಒಂಟಿಯಾಗಿದ್ದ ಬಡ ವೃದ್ಧರು. ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡಿದ್ದವರೂ ಇದ್ದರು. ಅಲ್ಲಿನ ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಅಕ್ಕಪಕ್ಕದ ಬಡಾವಣೆಗಳು. ಬಿಸಿಲು ಒಂದೇ, ಬಡತನವೂ ಹೆಚ್ಚುಕಡಿಮೆ ಒಂದೇ. ಆದರೂ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಸುಮಾರು ಹತ್ತು ಪಟ್ಟು! ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಇದರ ಬೆನ್ನು ಹತ್ತಿದರು. ನಾರ್ತ್ ಲಾನ್‌ಡೇಲ್‌ನಲ್ಲಿ ಅಂಗಡಿಗಳು ಮುಚ್ಚಿ, ಜನ ಖಾಲಿಯಾಗಿ, ಮುದುಕರು ಬೀದಿಗಿಳಿಯಲು ಹೆದರುತ್ತಿದ್ದರು. ಪಕ್ಕದಲ್ಲಿ ಬೀದಿ ತುಂಬ ಜನ, ಹೊರಗೆ ಬಂದರೆ ಕೂರಲು ಒಂದು ತಂಪು ಜಾಗ. 1999ರಲ್ಲಿ ಮತ್ತೆ ಬಿಸಿಗಾಳಿ ಬೀಸಿದಾಗ ನಗರಾಡಳಿತ ಒಂಟಿ ವೃದ್ಧರ ಮನೆಬಾಗಿಲಿಗೇ ಜನರನ್ನು ಕಳಿಸಿತು. ಆ ಸಲ ಸತ್ತವರು 110ರ ಆಸುಪಾಸು.

ಷಿಕಾಗೋದ ಮೊದಲ ಬಿಸಿಗಾಳಿಯಾಗಿ ಹತ್ತು ವರ್ಷದ ಮೇಲೆ, 2005ರಲ್ಲಿ, ಕತ್ರೀನಾ ಚಂಡಮಾರುತ ಅಮೆರಿಕದ್ದೇ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಊರು ಬಿಟ್ಟು ಹೋಗಿ ಅಂದರು, ಕಾರಿಲ್ಲದವರು ಹೋಗುವುದೆಲ್ಲಿಗೆ? ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. ಮನೆ ಕಟ್ಟಿಕೊಳ್ಳಲು ಕೊಟ್ಟ ಪರಿಹಾರಕ್ಕೆ ಒಂದು ಸೂತ್ರವಿತ್ತು: ಮನೆಯ ಹಳೆಯ ಮಾರುಕಟ್ಟೆ ಬೆಲೆ, ರಿಪೇರಿ ಖರ್ಚು, ಇವೆರಡರಲ್ಲಿ ಕಡಿಮೆ ಇರುವುದನ್ನು ಆಧಾರವಾಗಿ ಹಿಡಿಯುವುದು. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಕಪ್ಪು ಜನರ ಬಡಾವಣೆಗಳಲ್ಲಿ ಮನೆಗಳಿಗೆ ಮೊದಲಿಂದಲೂ ಬೆಲೆ ಕಡಿಮೆ. ಅಷ್ಟೇ ಹಾಳಾದ ಅಂಥದೇ ಮನೆಗೆ ಅವರಿಗೆ ಸಿಕ್ಕಿದ್ದು ಕಡಿಮೆ ದುಡ್ಡು. ಕೇಸು ನಡೆದು 2011ರಲ್ಲಿ ರಾಜಿಯಾಯಿತು. ಈ ನಡುವೆ 2006ರಲ್ಲಿ ಪತ್ರಿಕೆಯಲ್ಲಿ ಒಂದು ನಕ್ಷೆ ಬಂತು. ತಗ್ಗಿನ ಕೆಲವು ಬಡಾವಣೆಗಳ ಮೇಲೆ ಹಸಿರು ಚುಕ್ಕೆ, ಅಂದರೆ ಮುಂದೆ ಪಾರ್ಕ್ ಆಗಬಹುದಾದ ಜಾಗ. ಜನ ರೊಚ್ಚಿಗೆದ್ದರು. ನೆರೆಯ ನೀರಿಗೆ ಜಾಗ ಬಿಡುವ ಯೋಚನೆ ತಪ್ಪಲ್ಲ. ಅಲ್ಲಿ ಬದುಕಿದ್ದವರನ್ನು ಕೇಳದೆ ಚುಕ್ಕೆ ಇಟ್ಟದ್ದು ತಪ್ಪು.

ಒಳ್ಳೆಯ ಉದಾಹರಣೆಗಳೂ ಇವೆ. 2010ರ ಬಿರುಬೇಸಿಗೆಯ ಸಾವುಗಳ ನಂತರ ಅಹಮದಾಬಾದ್ 2013ರಲ್ಲಿ ಬಿಸಿಲಿನ ಕಾರ್ಯಯೋಜನೆ ತಂದಿತು. ಮುನ್ಸೂಚನೆ ಕೊಡುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಆಮೇಲೆ ಒಳಗೆ ತಂಪಾಗಲಿ ಎಂದು ಬಡವರ ಮನೆಗಳ ಸೂರಿಗೆ ಬಿಳಿ ಬಣ್ಣ. ದೊಡ್ಡ ಖರ್ಚಿನ ಕೆಲಸ ಯಾವುದೂ ಅಲ್ಲ.

ಅದೇ ಹೊತ್ತಿಗೆ ಇಂಡೋನೇಷ್ಯಾದ ಜಕಾರ್ತದಲ್ಲಿ ಇನ್ನೊಂದು ದಾರಿ. ನೆರೆ ತಡೆಯಲು ಸಿಲಿವುಂಗ್ ನದಿಯನ್ನು ಅಗಲ ಮಾಡುವ ಯೋಜನೆಗೆ 2015ರಲ್ಲಿ ದಡದ ಕಾಂಪುಂಗ್ ಪುಲೋ ಬಡಾವಣೆಯ ಮನೆಗಳನ್ನು ಕೆಡವಿದರು. ನೀರಿನಿಂದ ಪಾರಾದವರು ಯೋಜನೆಯಿಂದ ಪಾರಾಗಲಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ತನ್ನ 2022ರ ವರದಿಯಲ್ಲಿ ಇಂಥ ಅಡ್ಡಪರಿಣಾಮಗಳ ಬಗ್ಗೆಯೇ ಎಚ್ಚರಿಸಿತು: ಹೊಂದಿಕೊಳ್ಳುವ ಯೋಜನೆ ತಪ್ಪಿದರೆ ಹೊಡೆತ ಬೀಳುವುದು ಮೊದಲೇ ಸೋತವರ ಮೇಲೆ.

ಈಗಿನ ಜಗಳ ಬಾಡಿಗೆಯದು. ಸಾಲುಮರ, ಮಳೆನೀರು ಇಂಗುವ ಪಾರ್ಕ್ ಬಂದ ಬೀದಿಯಲ್ಲಿ ಮನೆಗಳಿಗೆ ಬೇಡಿಕೆ ಏರಬಹುದು. ಬಾಡಿಗೆ ಏರಿದರೆ, ನೆರಳು ಯಾರಿಗೆ ಬೇಕಿತ್ತೋ ಅವರೇ ಖಾಲಿ ಮಾಡಬೇಕು. ಸಮುದ್ರ ಏರುವ ಭಯದಲ್ಲಿರುವ ಅಮೆರಿಕದ ಮಯಾಮಿಯಲ್ಲಿ, ನೀರಿನಿಂದ ದೂರ, ಎತ್ತರದಲ್ಲಿರುವ ಲಿಟಲ್ ಹೈಟಿಯಂಥ ಬಡ ಬಡಾವಣೆಗಳ ಮೇಲೆ ಹೂಡಿಕೆದಾರರ ಕಣ್ಣು ಬಿದ್ದಿದೆ. ಸಾಮಾನ್ಯವಾಗಿ ಬಾಡಿಗೆದಾರನಿಗೆ ಸೂರಿಗೆ ಬಣ್ಣ ಬಳಿಯುವ ಹಕ್ಕೂ ಇಲ್ಲ. ಆದರೂ ಎಷ್ಟೋ ಕಡೆ ಹವಾಮಾನ ಯೋಜನೆ ಬರೆಯುವುದು ಪರಿಸರ ಇಲಾಖೆ, ಬಾಡಿಗೆ ಕಾನೂನು ಇರುವುದು ಬೇರೆಯವರ ಕೈಯಲ್ಲಿ.