ಬೋರ್ ನೀರಿನ ಬಿಳಿ ಕರೆ: ನಲ್ಲಿ, ಗೀಸರ್, ಕಡಪಾ ಕಲ್ಲು

ಚಿತ್ರದುರ್ಗದ ಕಡೆ ಮನೆ ರಿಪೇರಿ ಕಲಿಯಲು ಹೊರಟವರಿಗೆ ಮೊದಲ ಪಾಠ ಸ್ಕ್ರೂಡ್ರೈವರ್ ಅಲ್ಲ, ನೀರು. ನಲ್ಲಿ ಸಣ್ಣಗೆ ಬರುತ್ತದೆ, ಶವರ್ ದಿಕ್ಕಾಪಾಲಾಗಿ ಚಿಮ್ಮುತ್ತದೆ, ಗೀಸರ್ ಒಳಗೆ ಚಟಪಟ ಸದ್ದು, ಸ್ಟೀಲ್ ಬಕೆಟ್ ಮೇಲೆ ಬಿಳಿ ಗೆರೆ. ಒಂದೊಂದಕ್ಕೂ ಒಬ್ಬೊಬ್ಬರನ್ನು ಕರೆಸಿ ದುಡ್ಡು ಕೊಡುತ್ತೇವೆ. ಎಷ್ಟೋ ಸಲ ಎಲ್ಲದರ ಮೂಲವೂ ಒಂದೇ, ಗಡಸು ನೀರು. ಕಾಲೇಜಿನಲ್ಲಿ ಓದಿ ಪರೀಕ್ಷೆ ಮುಗಿದ ದಿನವೇ ಮರೆತ ಪಾಠ ಇದು, ಮನೆ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ. ಒಂದು ಮಾತನ್ನು ಶುರುವಿನಲ್ಲೇ ಗುರುತು ಹಾಕಿಕೊಳ್ಳಿ: ಕರೆ ತೆಗೆಯುವ ಹುಳಿಗೆ ಕರೆ ಯಾವುದು, ಕೆಳಗಿನ ಕಲ್ಲು ಯಾವುದು ಅಂತ ಗೊತ್ತಾಗುವುದಿಲ್ಲ. ಅದನ್ನು ನೋಡಬೇಕಾದವರು ನಾವು.

ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಇವೆರಡು ಜಾಸ್ತಿ ಇರುವ ನೀರೇ ಗಡಸು ನೀರು. ಆಳದ ಬೋರ್‌ನಿಂದ ನಾವು ಎತ್ತುವುದು ಇದನ್ನೇ. ವಾಣಿ ವಿಲಾಸ ಸಾಗರದ್ದೋ ಸೂಳೆಕೆರೆಯದ್ದೋ ನೀರು ಬರುವ ಮನೆಗಳಲ್ಲಿ ಕರೆ ಕಮ್ಮಿ, ಯಾಕೆಂದರೆ ಅದು ಹೆಚ್ಚಾಗಿ ಮೇಲೆ ಹರಿದು ಬಂದು ನಿಂತ ಮಳೆ ನೀರು. ದಾವಣಗೆರೆಯಲ್ಲೂ ಅಷ್ಟೇ, ನದಿ ನೀರು ಬಿಡುವ ದಿನ ಸೋಪು ನೊರೆ ಬರುತ್ತದೆ, ಬೋರ್ ಹಾಕಿದ ದಿನ ಬರುವುದಿಲ್ಲ. ಬಹಳ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ, ಹಾಗಾಗಿ ಒಂದು ದಿನದ ನೀರು ನೋಡಿ ತೀರ್ಮಾನ ಮಾಡಬೇಡಿ.

ಗಡಸುತನದ ಅಳತೆ ಹೇಳುವುದು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನುವ ಲೆಕ್ಕದಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 200 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ಇದು ಕುಡಿಯುವುದಕ್ಕೆ ಇಟ್ಟ ಮಿತಿ, ಗೀಸರ್‌ಗೆ ಅಲ್ಲ. ಮನೆಯಲ್ಲೇ ಅಂದಾಜು ಬೇಕಾದರೆ ಎರಡು ಬಾಟಲಿ ತೆಗೆದುಕೊಳ್ಳಿ, ಒಂದರಲ್ಲಿ ಮಳೆ ನೀರು, ಇನ್ನೊಂದರಲ್ಲಿ ಬೋರ್ ನೀರು. ಎರಡಕ್ಕೂ ಒಂದೇ ಸಮ ಸೋಪಿನ ಚೂರು ಹಾಕಿ ಕುಲುಕಿ. ಗಡಸು ನೀರಿನಲ್ಲಿ ನೊರೆ ಬದಲು ಮೊಸರು ಒಡೆದ ಹಾಗೆ ಗಸಿ ಬರುತ್ತದೆ. ಪರೀಕ್ಷೆಗೆ ಸ್ನಾನದ ಸೋಪೇ ಬೇಕು. ಬಟ್ಟೆ ಪೌಡರ್ ಹಾಕಿದರೆ ಗೊತ್ತಾಗುವುದಿಲ್ಲ, ಅದು ಗಡಸು ನೀರಿನಲ್ಲೂ ನೊರೆ ಕೊಡುವ ಹಾಗೆ ಮಾಡಿದ್ದು. ಅಡುಗೆ ಮನೆಯಲ್ಲಿ ಇನ್ನೂ ಸುಲಭದ ಗುರುತಿದೆ, ಸೌಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ ಅಜ್ಜಿಯಂದಿರು ಹೇಳುತ್ತಾರಲ್ಲ, ಅದು ನಿಜ. ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನಂಥ ವಸ್ತುವಿನ ಜೊತೆ ಸೇರಿ ಕಾಳನ್ನು ಬಿಗಿ ಮಾಡುತ್ತದೆ.

ಈಗ ಮುಖ್ಯ ವಿಷಯ. ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟ್‌ನಿಂದ ಬರುವುದು ತಾತ್ಕಾಲಿಕ, ಸಲ್ಫೇಟ್ ಮತ್ತು ಕ್ಲೋರೈಡ್‌ನಿಂದ ಬರುವುದು ಶಾಶ್ವತ. ತಾತ್ಕಾಲಿಕ ಅಂದ ಕೂಡಲೇ ಇದೇ ಸಾಧು ಅಂದುಕೊಳ್ಳುತ್ತೇವೆ, ಆದರೆ ಗೀಸರ್ ಹಾಳು ಮಾಡುವುದು ಜಾಸ್ತಿ ಇದೇ. ನೀರು ಕಾದಾಗ ಬೈಕಾರ್ಬೊನೇಟ್ ಒಡೆದು, ಗಾಳಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಕೂರುವುದೂ ಎಲ್ಲಿ ಅತಿ ಬಿಸಿಯೋ ಅಲ್ಲಿ, ಅಂದರೆ ಕಾಯಿಲ್ ಮೇಲೆ. ಒಂದು ಸಣ್ಣ ಲೆಕ್ಕ ಹಾಕೋಣ. ನೀರಿನ ಗಡಸುತನ 400 ಇದೆ, ಮನೆಯಲ್ಲಿ ದಿನಕ್ಕೆ 60 ಲೀಟರ್ ನೀರು ಕಾಯುತ್ತದೆ ಅನ್ನಿ. ಅಷ್ಟು ನೀರಿನಲ್ಲಿ 24 ಗ್ರಾಂ ಇದೆ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಒಳಗೆ ಕೂತರೂ ತಿಂಗಳಿಗೆ 72 ಗ್ರಾಂ ಕಲ್ಲು. ಆ ಪದರ ಕಾಯಿಲ್‌ನ ಶಾಖವನ್ನು ನೀರಿಗೆ ಬಿಡುವುದಿಲ್ಲ. ನೀರು ಕಾಯುವುದು ತಡ, ಕರೆಂಟ್ ಬಿಲ್ ಜಾಸ್ತಿ, ಕಾಯಿಲ್ ಮಿತಿ ಮೀರಿ ಕಾದು ಸುಡುತ್ತದೆ. ಆ ಚಟಪಟ ಸದ್ದು ಕರೆಯ ಕೆಳಗೆ ಸಿಕ್ಕಿಕೊಂಡ ನೀರು ಕುದಿಯುವ ಸದ್ದು. ಥರ್ಮೋಸ್ಟಾಟ್ ತಿರುಗಿಸುವ ಗುಂಡಿ ಇದ್ದರೆ 55ರಿಂದ 60 ಡಿಗ್ರಿಗೆ ಇಡಿ. ಹೇಗೂ ತಣ್ಣೀರು ಬೆರೆಸಿಯೇ ಸ್ನಾನ ಮಾಡುತ್ತೇವೆ, ಅಲ್ವಾ?

ನಲ್ಲಿಯ ಕಥೆ ಬೇರೆ. ಅಲ್ಲಿ ಯಾರೂ ಕಾಯಿಸುವುದಿಲ್ಲ. ತುದಿಯಲ್ಲಿ ನಿಂತ ಹನಿ ಆರಿಹೋಗುತ್ತದೆ, ಕರಗಿದ್ದೆಲ್ಲ ಅಲ್ಲೇ ಉಳಿಯುತ್ತದೆ, ತಾತ್ಕಾಲಿಕ ಶಾಶ್ವತ ಎರಡೂ. ನಮ್ಮ ಕಡೆಯ ಒಣ ಗಾಳಿಗೆ ಇದು ಬೇಗ ಆಗುತ್ತದೆ. ಆದ್ದರಿಂದ ನಲ್ಲಿಗೆ ಅತಿ ಒಳ್ಳೆಯ ಔಷಧಿ ಒಂದು ಒಣ ಬಟ್ಟೆ, ರಾತ್ರಿ ಒಮ್ಮೆ ಒರೆಸಿಬಿಡಿ. ಸೋರುವ ವಾಷರ್ ಇದ್ದರೆ ಮೊದಲು ಅದನ್ನು ಬದಲಿಸಿ, ಹನಿ ನಿಲ್ಲದೆ ಕರೆ ನಿಲ್ಲುವುದಿಲ್ಲ.

ಕಟ್ಟಿದ ಕರೆಯನ್ನು ತೆಗೆಯಲು ಆಮ್ಲ ಬೇಕು. ಯಾವುದು? ವಿನೆಗರ್ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ನೋಡಿ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು 120 ಗ್ರಾಂ ಅಸಿಟಿಕ್ ಆಮ್ಲ ಬೇಕು. ವಿನೆಗರ್‌ನಲ್ಲಿ ಅದು ಶೇ 5ರಷ್ಟೇ ಇದ್ದರೆ ಸುಮಾರು 2.4 ಲೀಟರ್ ಸುರಿಯಬೇಕು! ಅದೇ ಕೆಲಸಕ್ಕೆ ಸಿಟ್ರಿಕ್ ಆಸಿಡ್ ಪುಡಿ 130ರಿಂದ 140 ಗ್ರಾಂ ಸಾಕು. ನಿಂಬೆ ಉಪ್ಪು ಅಂತ ಕೇಳಿ, ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ವಾಸನೆಯೂ ಇಲ್ಲ. ಉಗುರು ಬೆಚ್ಚಗಿನ ಒಂದು ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ಹಾಕಿ. ಕುದಿಯುವ ನೀರು ಬೇಡ. ಸಿಟ್ರಿಕ್ ಆಮ್ಲ ಮತ್ತು ಕ್ಯಾಲ್ಸಿಯಂ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಜಾಸ್ತಿ ಆದಷ್ಟೂ ಕಮ್ಮಿ ಕರಗುತ್ತದೆ, ಒಂದು ಕರೆ ಹೋಗಿ ಇನ್ನೊಂದು ಬಿಳಿ ಗಸಿ ಕೂರಬಹುದು. ಹುಣಸೆಹಣ್ಣನ್ನು ಹಿತ್ತಾಳೆ ತಾಮ್ರಕ್ಕೆ ಇಟ್ಟುಕೊಳ್ಳಿ, ಅಲ್ಲಿ ಅದಕ್ಕೆ ಸಮ ಇಲ್ಲ. ಬಿಳಿ ಕರೆಗೆ ಅದು ಅಷ್ಟಕ್ಕಷ್ಟೇ, ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಸುಲಭವಾಗಿ ಕರಗದ ಉಪ್ಪಾಗುತ್ತದೆ.

ಬಾತ್‌ರೂಮ್ ಆಸಿಡ್ ಅಂತ ಅಗ್ಗಕ್ಕೆ ಸಿಗುವುದು ಹೈಡ್ರೋಕ್ಲೋರಿಕ್ ಆಮ್ಲ. ಕರೆ ಕ್ಷಣದಲ್ಲಿ ಹೋಗುತ್ತದೆ, ಜೊತೆಗೆ ಟೈಲ್ಸ್ ಸಂದಿನ ಸಿಮೆಂಟ್ ಹೋಗುತ್ತದೆ, ನಲ್ಲಿಯ ಹೊಳಪು ಹೋಗುತ್ತದೆ, ಸ್ಟೀಲ್ ಸಿಂಕ್‌ನಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತದೆ. ನನ್ನ ಪ್ರಕಾರ ಇದನ್ನು ಮನೆಯಲ್ಲಿ ಇಡುವುದೇ ಬೇಡ. ಬ್ಲೀಚಿಂಗ್ ಪೌಡರ್ ಜೊತೆ ಯಾವ ಆಮ್ಲವನ್ನೂ ಬೆರೆಸಲೇಬೇಡಿ, ನಿಂಬೆ ಉಪ್ಪನ್ನೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಶುರುವಿನಲ್ಲಿ ಗುರುತು ಹಾಕಿಕೊಳ್ಳಿ ಅಂದ ಮಾತು ಇಲ್ಲಿ ಬೇಕಾಗುತ್ತದೆ. ನಮ್ಮ ಕಡೆ ಅಡುಗೆ ಕಟ್ಟೆಗೆ, ಅಟ್ಟದ ಹಲಗೆಗೆ ಕಡಪಾ ಕಲ್ಲು, ಹಳೆ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು. ಎರಡೂ ಸುಣ್ಣಕಲ್ಲೇ, ಅಂದರೆ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕರೆ ಯಾವುದೋ ಕಲ್ಲೂ ಅದೇ! ಕರಿ ಕಡಪಾ ಮೇಲೆ ಬಿಳಿ ಕರೆ ಅಂತ ನಿಂಬೆಹಣ್ಣು ತಿಕ್ಕಿದರೆ ಕರೆ ಹೋದ ಜಾಗದಲ್ಲಿ ಬೂದು ಬಣ್ಣದ ಮಂಕು ಮಚ್ಚೆ ಉಳಿಯುತ್ತದೆ. ಅದು ಕೊಳೆ ಅಲ್ಲ, ತಿಂದುಹೋದ ಕಲ್ಲು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮಾರ್ಬಲ್, ಮೊಸಾಯಿಕ್ ನೆಲವೂ ಹಾಗೆಯೇ. ಗ್ರಾನೈಟ್ ಬೇರೆ ಜಾತಿ, ಸಾದಾ ಹುಳಿಗೆ ಬಗ್ಗುವುದಿಲ್ಲ, ಆದರೂ ಸ್ಲ್ಯಾಬ್‌ಗಳ ನಡುವಿನ ಸಂದು ಸಿಮೆಂಟಿನದ್ದು ಅನ್ನುವುದು ನೆನಪಿರಲಿ. ಯಾವ ಕಲ್ಲು ಅಂತ ಗೊತ್ತಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣ ಗುಳ್ಳೆ ಬಂದರೆ ಅಥವಾ ಒರೆಸಿದ ಮೇಲೆ ಮಂಕಾದರೆ ಸುಣ್ಣಕಲ್ಲು. ಅದರ ಮೇಲಿನ ಕರೆಗೆ ಸೋಪು ನೀರು, ಹೆರೆಯಲು ಒಂದು ಪ್ಲಾಸ್ಟಿಕ್ ಪಟ್ಟಿ, ತಾಳ್ಮೆ, ಬೇರೆ ದಾರಿ ಇಲ್ಲ.

ಇನ್ನು ಕೈ ಕೆಲಸ. ನಲ್ಲಿ ತುದಿಯ ಜಾಲರಿ ಸಾಮಾನ್ಯವಾಗಿ ತಿರುಪಿನಲ್ಲಿ ಕೂತಿರುತ್ತದೆ. ಬಟ್ಟೆ ಸುತ್ತಿ ಕಟಿಂಗ್ ಪ್ಲೇಯರ್‌ನಿಂದ ಮೆಲ್ಲಗೆ ಬಿಚ್ಚಿ, ಬರದಿದ್ದರೆ ಜಗ್ಗಾಡಬೇಡಿ, ಸಿಟ್ರಿಕ್ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ನಲ್ಲಿ ಮೂತಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಆಮೇಲೆ ನೋಡಿ. ಶವರ್‌ಗೂ ಇದೇ ಉಪಾಯ. ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಮಂಕಾಗಬಹುದು, ಚಿನ್ನದ ಬಣ್ಣದ ಅಥವಾ ಕಪ್ಪು ಬಣ್ಣದ ನಲ್ಲಿಗೆ ಹುಳಿ ಹಚ್ಚಲೇಬೇಡಿ. ಜಾಲರಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ವಾಷರ್ ಯಾವ ಬದಿ ಇತ್ತೋ ಅದೇ ಬದಿ ಕೂರಿಸಿ.

ಗೀಸರ್ ಬಿಚ್ಚುವುದು ಎಲ್ಲರ ಕೆಲಸ ಅಲ್ಲ. ಕರೆಂಟ್ ಕೆಲಸ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ ಬರಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಸ್ವಿಚ್ ಆರಿಸಿದರೆ ಸಾಲದು, ಬೋರ್ಡಿನಲ್ಲಿ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ ಟೆಸ್ಟರ್ ಹಿಡಿದು ನೋಡಬೇಕು, ನೀರು ಪೂರ್ತಿ ತಣ್ಣಗಾದ ಮೇಲೆ ಖಾಲಿ ಮಾಡಬೇಕು. ಕಾಯಿಲ್ ಹೊರಗೆ ತೆಗೆದು ಸಿಟ್ರಿಕ್ ನೀರಿನಲ್ಲಿ ನೆನೆಸುವುದು ಸರಿ, ಉಳಿಯಿಂದ ಕುಟ್ಟುವುದು ತಪ್ಪು. ಪಕ್ಕದಲ್ಲೇ ಒಂದು ಮೆಗ್ನೀಸಿಯಂ ಸರಳು ಇರುತ್ತದೆ, ಆನೋಡ್ ರಾಡ್. ಟ್ಯಾಂಕ್ ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ. ಸವೆದು ತಂತಿ ಮಾತ್ರ ಉಳಿದಿದ್ದರೆ ಹೊಸದು ಹಾಕಿಸಿ, ಮೆಕ್ಯಾನಿಕ್ ಬೇಡ ಅಂದರೂ ಕೇಳಿ ಹಾಕಿಸಿ. ಗ್ಯಾಸ್ಕೆಟ್ ಕೂಡ ಹೊಸದೇ ಇರಲಿ. ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುತ್ತದೆ ಅಂತ ಅದರ ಬಾಯಿ ಮುಚ್ಚುವವರನ್ನು ನೋಡಿದ್ದೇನೆ. ಒಳಗಿನ ಒತ್ತಡ ಹೊರಗೆ ಹೋಗಲು ಇರುವ ದಾರಿ ಅದು, ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು.

ನೀರು ಕಾಯಿಸುವ ಸೋಲಾರ್ ಇನ್ನೂ ಹಾಕಿಸಿಲ್ಲದವರು, ಬೋರ್ ನೀರೇ ಗತಿ ಅನ್ನುವ ಮನೆಯಾದರೆ, ತಾಮ್ರದ ಸಣ್ಣ ಕೊಳವೆಯ ಫಲಕಕ್ಕಿಂತ ಗಾಜಿನ ಕೊಳವೆಯದನ್ನು ನೋಡಿ. ಕರೆ ಅದರಲ್ಲೂ ಕೂರುತ್ತದೆ, ಆದರೆ ಬೇಗ ಕಟ್ಟಿಕೊಳ್ಳುವುದಿಲ್ಲ. ಪೈಪಿಗೆ ಅಯಸ್ಕಾಂತ ಕಟ್ಟಿದರೆ ಗಡಸುತನ ಹೋಗುತ್ತದೆ ಅಂತ ಮಾರುತ್ತಾರೆ, ನಾನು ದುಡ್ಡು ಹಾಕುವುದಿಲ್ಲ. ಕ್ಯಾಲ್ಸಿಯಂ ಅಂತೂ ನೀರಿನಲ್ಲೇ ಇರುತ್ತದಲ್ಲ. ಸಾಫ್ಟ್‌ನರ್ ಮಾತ್ರ ನಿಜವಾಗಿ ತೆಗೆಯುತ್ತದೆ, ಅದರೊಳಗಿನ ರೆಸಿನ್ ಅನ್ನುವ ಸಣ್ಣ ಮಣಿಗಳ ರಾಶಿ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಆಗಾಗ ಉಪ್ಪು ನೀರು ಹಾಯಿಸಿ ರೆಸಿನ್ ತೊಳೆಯಬೇಕು. ಆರ್‌ಒ ಯಂತ್ರ ಬೇಡವೆಂದು ಹೊರಗೆ ಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸುವವರು ಒಂದು ಗಮನಿಸಿ, ಅದು ಬೋರ್ ನೀರಿಗಿಂತಲೂ ಗಡಸು. ಕಕ್ಕಸಿಗೆ ಸುರಿಯಲು ಸರಿ, ಕಡಪಾ ನೆಲಕ್ಕೂ ಕಾರಿನ ಗಾಜಿಗೂ ಬೇಡ.