ಹಳಬರು ಹೋದಮೇಲೆ ನ್ಯೂಡಿಸ್ಟ್ ಕ್ಲಬ್ಬುಗಳ ಗತಿಯೇನು?

ಓದುಗರ ಪ್ರಶ್ನೆ: ಯುರೋಪು, ಅಮೆರಿಕದ ನ್ಯೂಡಿಸ್ಟ್ ಕ್ಲಬ್ಬುಗಳ ಬಗ್ಗೆ ಏನೇ ಓದಿದರೂ ಅಲ್ಲಿ ಇರುವವರೆಲ್ಲ ವಯಸ್ಸಾದವರು ಎಂಬ ಮಾತು ಬಂದೇ ಬರುತ್ತದೆ. ಈಗಿನ ತರುಣ ತರುಣಿಯರು ದೇಹದ ವಿಷಯವನ್ನು ಹಿಂದಿನವರಿಗಿಂತ ಬಿಚ್ಚುಮನಸ್ಸಿನಿಂದ ಮಾತಾಡುತ್ತಾರಲ್ಲ, ಹಾಗಿದ್ದೂ ಅತ್ತ ಯಾಕೆ ಸುಳಿಯುತ್ತಿಲ್ಲ? ಈ ತಲೆಮಾರು ಕಳೆದರೆ ಸಾಮೂಹಿಕ ನಗ್ನತೆಯೂ ಮುಗಿದುಹೋಗುತ್ತದೆಯೇ?

ಉತ್ತರ: ಕ್ಲಬ್ಬುಗಳಲ್ಲಿ ಬಹಳಷ್ಟು ಮುಚ್ಚಬಹುದು. ಬಟ್ಟೆಯಿಲ್ಲದೆ ನಾಲ್ಕು ಜನ ಸೇರಿ ಈಜುವ, ಬಿಸಿಲಿಗೆ ಮೈಯೊಡ್ಡುವ ಅಭ್ಯಾಸ ನಿಲ್ಲುವುದಿಲ್ಲ. ಇವೆರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದಾಗ ಉತ್ತರ ತಪ್ಪುತ್ತದೆ.

ನಿಮ್ಮ ಅನುಮಾನಕ್ಕೆ ಆಧಾರವಿದೆ. ಜರ್ಮನಿಯ ನಗ್ನತಾ ಸಂಘಗಳ ಒಕ್ಕೂಟ ಹುಟ್ಟಿದ್ದು 1949ರಲ್ಲಿ. 2024ರಲ್ಲಿ ಅದು 75 ವರ್ಷದ ಸಂಭ್ರಮಕ್ಕೆ ಅಣಿಯಾಗಿತ್ತು. ಹೆಸರು ಕೊಟ್ಟವರು ತೀರಾ ಕಡಿಮೆಯಾದ್ದರಿಂದ ಕಾರ್ಯಕ್ರಮವನ್ನೇ ಕೈಬಿಡಬೇಕಾಯಿತು. ಈ ಪದ್ಧತಿಯ ತವರಿನಲ್ಲೇ ಹೀಗಾಯಿತು. ಆದರೆ ಅದೇ ವರ್ಷ ಫ್ರಾನ್ಸಿನ ಮಾರ್ಸೇ ನಗರದ ಮ್ಯೂಸೆಮ್ ವಸ್ತುಸಂಗ್ರಹಾಲಯದಲ್ಲಿ ನಗ್ನತಾ ಚಳವಳಿಯ ಚರಿತ್ರೆಯ ಬಗ್ಗೆ ದೊಡ್ಡ ಪ್ರದರ್ಶನವೊಂದು ನಡೆಯಿತು. ಕೆಲವು ಸಂಜೆ ಜನ ಬೆತ್ತಲೆಯಾಗಿಯೇ ಅದನ್ನು ನೋಡಿ ಬಂದರು. ಕಾಲಿಗೆ ಮಾತ್ರ ಏನಾದರೂ ತೊಟ್ಟಿರಬೇಕಿತ್ತು, ಮರದ ನೆಲದ ಸಿಬಿರು ಚುಚ್ಚದಿರಲಿ ಎಂದು. ಸದಸ್ಯತ್ವದ ಮಾತೇ ಇರಲಿಲ್ಲ. ಟಿಕೆಟ್ ಕೊಂಡು, ನೋಡಿ, ಬಟ್ಟೆ ತೊಟ್ಟು ಮನೆಗೆ ಹೋದರು. ನೀವು ಕೇಳಿದ ತಲೆಮಾರಿನ ಅಂತರವನ್ನು ನಾನು ಮೊದಲು ಹುಡುಕುವುದು ಈ ಎರಡು ಸಂಗತಿಗಳ ನಡುವೆ.

ಇಲ್ಲಿ ನಗ್ನತೆ ಎಂದರೆ ಕಾಮದ ಮಾತಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯೂಡಿಸಂಗೆ ನ್ಯಾಚುರಿಸಂ ಎಂಬ ಹೆಸರೂ ಇದೆ; ಅಂತರರಾಷ್ಟ್ರೀಯ ನ್ಯಾಚುರಿಸ್ಟ್ ಒಕ್ಕೂಟ 1974ರಲ್ಲಿ ಅದಕ್ಕೆ ಕೊಟ್ಟ ವ್ಯಾಖ್ಯೆ ಇವತ್ತಿಗೂ ಬಳಕೆಯಲ್ಲಿದೆ: ನಿಸರ್ಗದೊಂದಿಗೆ ಹೊಂದಿಕೊಂಡು ಬದುಕುವ ರೀತಿ, ಒಟ್ಟಾಗಿ ನಗ್ನರಾಗಿರುವುದು ಅದರ ಗುರುತು, ತನ್ನ ಬಗ್ಗೆ, ಇತರರ ಬಗ್ಗೆ, ಪರಿಸರದ ಬಗ್ಗೆ ಗೌರವ ಬೆಳೆಸುವುದು ಅದರ ಉದ್ದೇಶ. ಕ್ಲಬ್ಬುಗಳು ಈ ಗೆರೆಯನ್ನು ಬಹಳ ಬಿಗಿಯಾಗಿ ಕಾಯುತ್ತವೆ.

ಇನ್ನು ತಲೆಮಾರುಗಳ ಮಾತು. ಒಂದೊಂದು ತಲೆಮಾರೂ ಬಟ್ಟೆ ಕಳಚಿದ್ದು ತನ್ನದೇ ಕಾರಣಕ್ಕೆ. 1891ರಲ್ಲಿ ಮುಂಬೈ ಬಳಿಯ ಠಾಣೆ ಎಂಬ ಊರಿನಲ್ಲಿದ್ದ ಚಾರ್ಲ್ಸ್ ಕ್ರಾಫರ್ಡ್ ಎಂಬ ಬ್ರಿಟಿಷ್ ನ್ಯಾಯಾಧೀಶ ಕಟ್ಟಿದ ಮೂರೇ ಜನರ ಕೂಟವನ್ನು ಈ ಬಗೆಯ ಮೊದಲ ಸಂಘವೆಂದು ಹೇಳುವುದುಂಟು. ಅದು ಅಲ್ಲಿಗೇ ನಿಂತಿತು. ನಿಜವಾದ ಚಳವಳಿ ಎದ್ದಿದ್ದು ಜರ್ಮನಿಯಲ್ಲಿ: 1898ರಲ್ಲಿ ಎಸೆನ್‌ನಲ್ಲಿ ಒಂದು ಸಂಘ, 1903ರಲ್ಲಿ ಹ್ಯಾಂಬರ್ಗ್‌ ಕಡೆ ಒಂದು ಬಯಲು ತಾಣ. ಕಾರ್ಖಾನೆ ಹೊಗೆ, ಗಾಳಿ ಬೆಳಕಿಲ್ಲದ ಮನೆ, ಉಸಿರು ಕಟ್ಟಿಸುವ ಉಡುಪು ಇವುಗಳಿಂದ ಬೇಸತ್ತವರಿಗೆ ಬಿಸಿಲೇ ಔಷಧವಾಗಿ ಕಂಡಿತು. ಮದ್ಯ, ತಂಬಾಕು, ಮಾಂಸ ಬಿಟ್ಟವರು ಅವರಲ್ಲಿ ಅನೇಕರು. 1920ರ ದಶಕದಲ್ಲಿ ಬರ್ಲಿನ್ನಿನ ಅಡಾಲ್ಫ್ ಕೋಖ್ ಅದನ್ನು ಕಾರ್ಮಿಕರ ಬಳಿಗೆ ಒಯ್ದರು. ಅವರ ವ್ಯಾಯಾಮ ಶಾಲೆಗಳಲ್ಲಿ ನಗ್ನತೆ ಆರೋಗ್ಯದ ಜೊತೆ ಸಮಾನತೆಯ ಪಾಠವೂ ಆಗಿತ್ತು. 1933ರಲ್ಲಿ ನಾಜಿಗಳು ಅದನ್ನೆಲ್ಲ ಹತ್ತಿಕ್ಕಿದರು. ಯುದ್ಧ ಮುಗಿದಮೇಲೆ ಬಂದವರಿಗೆ ಬೇಕಾಗಿದ್ದು ರಜೆ. ಆಲ್ಬರ್ ಮತ್ತು ಕ್ರಿಸ್ಟಿನ್ ಲೆಕಾಕ್ ದಂಪತಿ 1950ರಲ್ಲಿ ಫ್ರಾನ್ಸಿನ ಮೊಂತಾಲಿವೆ ಕಡಲ ತೀರದಲ್ಲಿ ತೆರೆದ ರಜಾ ಶಿಬಿರದಿಂದ ನಗ್ನತೆ ಎಂಬುದು ಕುಟುಂಬ ಸಮೇತ ಟೆಂಟು ಹಾಕಿ ಕಳೆಯುವ ಬೇಸಿಗೆಯಾಯಿತು. ಪೂರ್ವ ಜರ್ಮನಿಯಲ್ಲಂತೂ ಬಾಲ್ಟಿಕ್ ಕಡಲ ತೀರದ ಬೆತ್ತಲೆ ಸ್ನಾನವನ್ನು ತಡೆಯಲು ಸರ್ಕಾರವೇ 1950ರ ದಶಕದಲ್ಲಿ ಹೊರಟು, ಜನ ಜಗ್ಗದಿದ್ದಾಗ ಹಿಂದೆ ಸರಿಯಿತು.

ಅಮೆರಿಕಕ್ಕೆ ಇದನ್ನು ಒಯ್ದದ್ದು 1929ರಲ್ಲಿ ಕರ್ಟ್ ಬಾರ್ಥೆಲ್ ಎಂಬ ಜರ್ಮನ್ ವಲಸಿಗ. ಅಲ್ಲಿನ ಕ್ಲಬ್ಬುಗಳು ಊರಾಚೆ ಜಮೀನು ಕೊಂಡು, ಬೇಲಿ ಹಾಕಿ, ಆಯ್ದವರನ್ನಷ್ಟೇ ಒಳಗೆ ಬಿಟ್ಟುಕೊಂಡವು. ಆಗ ಅದು ಬೇಕೂ ಇತ್ತು, ಪೊಲೀಸರ ಕಾಟವಿತ್ತು. 1970ರ ದಶಕದ ತರುಣರಿಗೆ ಆ ಬೇಲಿ ಸೇರಲಿಲ್ಲ. ಬೀಚು ಎಲ್ಲರದ್ದು, ನಾವು ಅಲ್ಲೇ ಬಟ್ಟೆ ಕಳಚುತ್ತೇವೆ ಎಂದರು. 1980ರಲ್ಲಿ ಲೀ ಬಾಕ್ಸಂಡಾಲ್ ಕಟ್ಟಿದ ನ್ಯಾಚುರಿಸ್ಟ್ ಸೊಸೈಟಿ ಬೆಳೆದದ್ದು ಆ ಬೀಚುಗಳ ಉಸಿರಿನಲ್ಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇವತ್ತು ಎಳೆಯರು ಬರುತ್ತಿಲ್ಲವೆಂದು ನೊಂದುಕೊಳ್ಳುವ ಎಪ್ಪತ್ತರ ಆಸುಪಾಸಿನವರಲ್ಲಿ ಅನೇಕರು ಅಂದಿನ ಆ ಬೀಚಿನ ತರುಣರೇ. ಅವರೂ ತಮ್ಮ ಕಾಲದ ಕ್ಲಬ್ಬಿನಿಂದ ಮುಖ ತಿರುಗಿಸಿದ್ದವರು.

ಹಾಗಾದರೆ ಈಗಿನ ತಲೆಮಾರಿನ ಅಡ್ಡಿ ಯಾವುದು? ನಾಚಿಕೆ ಹೆಚ್ಚಾಯಿತು ಎಂದು ಕೆಲವರು, ಸಂಪ್ರದಾಯಸ್ಥರಾದರು ಎಂದು ಇನ್ನು ಕೆಲವರು ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಬದಲಾದದ್ದು ಬೆತ್ತಲೆಯಾಗುವುದಕ್ಕೆ ತೆರಬೇಕಾದ ಬೆಲೆ. ನಲವತ್ತು ವರ್ಷದ ಹಿಂದೆ ಬೀಚಿನಲ್ಲಿ ಬಟ್ಟೆ ಕಳಚಿದರೆ ನೋಡುವವರು ಆ ಬೀಚಿನಲ್ಲಿದ್ದವರು ಮಾತ್ರ. ಸಂಜೆ ಬಟ್ಟೆ ತೊಟ್ಟು ಹೊರಟರೆ ಅಲ್ಲಿಗೆ ಮುಗಿಯಿತು. ಈಗ ಪ್ರತಿ ಕೈಯಲ್ಲೂ ಕ್ಯಾಮೆರಾ. ದೂರದಿಂದ ಯಾರೋ ತೆಗೆದ ಒಂದು ಚಿತ್ರ ಹತ್ತು ವರ್ಷದ ನಂತರ, ಕೆಲಸಕ್ಕೆ ಅರ್ಜಿ ಹಾಕಿದ ದಿನ, ಎದುರಿಗೆ ಬಂದು ನಿಲ್ಲಬಹುದು. ನಿವೃತ್ತರಾದವರಿಗೆ ಈ ಭಯ ಅಷ್ಟಾಗಿ ತಟ್ಟುವುದಿಲ್ಲ. ಕಳೆದುಕೊಳ್ಳಲು ಅವರಿಗೆ ನೌಕರಿಯಿಲ್ಲ. ಇಪ್ಪತ್ತೈದರವರ ಮುಂದೆ ಇಡೀ ಬದುಕಿದೆ. ಬಟ್ಟೆ ತೊಟ್ಟ ಚಿತ್ರದಿಂದಲೇ ನಕಲಿ ಬೆತ್ತಲೆ ಚಿತ್ರ ಮಾಡಿಕೊಡುವ ಆ್ಯಪ್‌ಗಳಿರುವ ಕಾಲದಲ್ಲಿ ಬೆಳೆದ ಹುಡುಗಿಗೆ "ಇಲ್ಲಿ ಯಾರೂ ನೋಡಲ್ಲ ಬಾರಮ್ಮ" ಎಂದರೆ ನಂಬಿಕೆ ಹುಟ್ಟುವುದು ಹೇಗೆ?

ಇನ್ನೊಂದು ಕಾರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹಿಂದಿನವರು ಸುಮ್ಮನೆ, ಯಾವ ವಾದವೂ ಇಲ್ಲದೆ, ಬೇರೆಯವರ ಮೈಯನ್ನು ಕಂಡವರು. ಅಮೆರಿಕದಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ಈಜುಕೊಳಗಳಲ್ಲಿ 1960ರ ದಶಕದವರೆಗೂ ಗಂಡಸರು ಬಟ್ಟೆಯಿಲ್ಲದೆ ಈಜುವುದೇ ರೂಢಿಯಾಗಿತ್ತು. ವ್ಯಾಯಾಮ ಮುಗಿಸಿದವರು ಒಂದೇ ಕೋಣೆಯಲ್ಲಿ ಸ್ನಾನ ಮಾಡಿ ಹೋಗುತ್ತಿದ್ದರು. ಈಗ ಅಲ್ಲೆಲ್ಲ ಬಾಗಿಲು, ಪರದೆ, ಒಬ್ಬೊಬ್ಬರಿಗೂ ಬೇರೆ ಗೂಡು. ಹಾಗಾಗಿ ಈಗಿನವರು ಕಣ್ಣಾರೆ ಕಂಡ ಸಾಮಾನ್ಯ ದೇಹಗಳು ಬೆರಳೆಣಿಕೆಯಷ್ಟು, ಫೋನಿನ ಪರದೆಯ ಮೇಲೆ ಕಂಡ ತಿದ್ದಿದ ದೇಹಗಳು ಲೆಕ್ಕವಿಲ್ಲದಷ್ಟು. ಹೋಲಿಸಿಕೊಳ್ಳಲು ಅವರಿಗೆ ಸಿಗುವುದು ಆ ಎರಡನೆಯವೇ. ದೇಹವನ್ನು ಇದ್ದ ಹಾಗೇ ಒಪ್ಪಿಕೊಳ್ಳಬೇಕೆಂದು ಮಾತಿನಲ್ಲಿ ಗಟ್ಟಿಯಾಗಿ ಹೇಳುವವರೇ ಬಟ್ಟೆ ಬದಲಿಸಲು ಮೂಲೆ ಹುಡುಕುತ್ತಾರೆ. ಇದು ಬೂಟಾಟಿಕೆಯಲ್ಲ. ಮೈಚಳಿ ಬಿಡುವುದಕ್ಕೆ ಅವರಿಗೆ ಜಾಗವೇ ಸಿಕ್ಕಿಲ್ಲ.

ಇಪ್ಪತ್ತಾರರ ಯುವತಿಯೊಬ್ಬಳು ಮೊದಲ ಸಲ ಕ್ಲಬ್ಬೊಂದಕ್ಕೆ ಬಂದಳೆಂದುಕೊಳ್ಳಿ. ಗೇಟಿನಲ್ಲಿ ಫೋನಿನ ಕ್ಯಾಮೆರಾ ಕಣ್ಣಿಗೆ ಸಣ್ಣದೊಂದು ಸ್ಟಿಕ್ಕರ್ ಅಂಟಿಸುತ್ತಾರೆ. ಎಲ್ಲಿ ಕೂತರೂ ಟವೆಲ್ ಹಾಸಿಕೊಂಡೇ ಕೂರಬೇಕು ಎನ್ನುತ್ತಾರೆ. ಇದು ಎಲ್ಲ ದೇಶದ ನ್ಯೂಡಿಸ್ಟರಿಗೂ ಒಂದೇ ನಿಯಮ, ಶುಚಿತ್ವದ್ದು. "ಒಬ್ಬಳೇ ಬಂದೆಯಾ?" ಎಂದು ಯಾರೋ ಕೇಳುತ್ತಾರೆ. ಕೇಳಿದವರ ಮನಸ್ಸಿನಲ್ಲಿರುವುದು ಅಕ್ಕರೆ, ಕೇಳಿಸಿಕೊಂಡವಳಿಗೆ ಅಳುಕು. ಟವೆಲ್ಲನ್ನು ಎದೆಗೆ ಒತ್ತಿಕೊಂಡು ಈಜುಕೊಳದವರೆಗೆ ನಡೆಯುತ್ತಾಳೆ. ಅಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಪುಸ್ತಕ ಓದುತ್ತಿದ್ದಾರೆ. ಒಂದು ಸ್ತನವಿಲ್ಲ, ಅದರ ಜಾಗದಲ್ಲಿ ಓರೆಯಾದ ಹೊಲಿಗೆಯ ಗೆರೆ. ಅವರು ತಲೆಯೆತ್ತಿ, ನೀರು ತಣ್ಣಗಿದೆ ಎಂದು ಹೇಳಿ ಮತ್ತೆ ಪುಟ ತಿರುವುತ್ತಾರೆ. ಹತ್ತು ನಿಮಿಷದಲ್ಲಿ ಟವೆಲ್ ಕುರ್ಚಿಯ ಮೇಲಿರುತ್ತದೆ, ಯುವತಿ ನೀರಿನಲ್ಲಿ.

ಆ ಹತ್ತು ನಿಮಿಷದಲ್ಲಿ ಆಗುವುದನ್ನು ಸಂಶೋಧಕರೂ ನೋಡಿದ್ದಾರೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನೋವಿಜ್ಞಾನಿ ಕಿಯಾನ್ ವೆಸ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಚಟುವಟಿಕೆಗಳಲ್ಲಿ ಹೆಚ್ಚು ಭಾಗವಹಿಸುವವರಿಗೆ ತಮ್ಮ ದೇಹದ ಬಗ್ಗೆಯೂ ಬದುಕಿನ ಬಗ್ಗೆಯೂ ಹೆಚ್ಚು ಸಮಾಧಾನವಿರುವುದು ಕಂಡುಬಂತು. ನನ್ನ ಮೈ ನೋಡಿ ಜನ ಏನೆಂದುಕೊಂಡಾರು ಎಂಬ ಕಳವಳ ಇಳಿಯುವುದೇ ಅದರ ಒಳಗುಟ್ಟು ಎಂದು ಅವರ ಮುಂದಿನ ಅಧ್ಯಯನ ತೋರಿಸಿತು. ಈ ಕಳವಳ ಅತಿ ಹೆಚ್ಚಾಗಿ ಕಾಡುವುದು ಎಳೆಯರನ್ನು. ಅದನ್ನು ಇಳಿಸುವುದು ಸುಕ್ಕು, ಬೊಜ್ಜು, ಗಾಯದ ಗುರುತು ಹೊತ್ತ, ಬದುಕಿ ಬಂದ ದೇಹಗಳು. ಆದ್ದರಿಂದಲೇ ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ ಮಾತ್ರ ಎಂದು ಬೇರೆ ಗುಂಪು ಕಟ್ಟುವುದನ್ನು ನಾನು ಅರ್ಧ ಮನಸ್ಸಿನಿಂದಷ್ಟೇ ಒಪ್ಪುತ್ತೇನೆ. ಮೊದಲ ಹೆಜ್ಜೆಗೆ ಅದು ಒಳ್ಳೆಯದು, ಸರಿಕರ ನಡುವೆ ಧೈರ್ಯ ಬರುತ್ತದೆ. ಅಲ್ಲೇ ನಿಂತರೆ ಆ ಓದುತ್ತಿದ್ದ ಹೆಂಗಸು ಅವರಿಗೆ ಸಿಗುವುದೇ ಇಲ್ಲ.

ಯುವತಿ ಮಾರನೆಯ ವರ್ಷವೂ ಬರುತ್ತಾಳೆಯೇ ಎಂಬುದು ಬೇರೆ ಪ್ರಶ್ನೆ. ಕ್ಲಬ್ಬು ಕಟ್ಟಿದವರ ಲೆಕ್ಕ ಜೀವಮಾನದ್ದು: ವಾರ್ಷಿಕ ಚಂದಾ, ಶಾಶ್ವತವಾಗಿ ನಿಲ್ಲಿಸಿದ ಕ್ಯಾರವಾನ್, ವರ್ಷದಲ್ಲಿ ಇಂತಿಷ್ಟು ದಿನ ಹುಲ್ಲು ಕತ್ತರಿಸುವ, ಬೇಲಿಗೆ ಬಣ್ಣ ಹೊಡೆಯುವ ಶ್ರಮದಾನ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಅಲೆಯುವವರಿಗೆ ಅಂಥ ಬೇರು ಬಿಡುವುದು ಕಷ್ಟ. ಅವರು ಬರುವುದು ಒಂದು ಸಂಜೆಗೆ, ಒಂದು ಕಾರ್ಯಕ್ರಮಕ್ಕೆ. 2004ರಲ್ಲಿ ಶುರುವಾದ ಬೆತ್ತಲೆ ಸೈಕಲ್ ಜಾಥಾ ಹಲವು ದೇಶಗಳ ನಗರಗಳಿಗೆ ಹಬ್ಬಿದೆ; ತೈಲದ ಮೇಲಿನ ಅವಲಂಬನೆಯ ವಿರುದ್ಧದ ಕೂಗು ಅದು, ನಗ್ನತೆ ಅದರ ಭಾಷೆ. ಮ್ಯೂನಿಕ್ ನಗರ ತನ್ನ ಉದ್ಯಾನಗಳಲ್ಲಿ ನಗ್ನ ಬಿಸಿಲುಸ್ನಾನಕ್ಕೆ ಜಾಗ ಗುರುತಿಸಿಕೊಟ್ಟಿದೆ. ಪ್ಯಾರಿಸ್ 2017ರಲ್ಲಿ ವ್ಯಾನ್ಸೆನ್ ಅರಣ್ಯದಲ್ಲಿ ಅಂಥದೇ ಒಂದು ಮೂಲೆ ತೆರೆಯಿತು. ಬಸ್ಸು, ಮೆಟ್ರೋದಲ್ಲಿ ಹೋಗಿ ಸಂಜೆಗೆ ಮರಳಬಹುದು, ಶ್ರಮದಾನವಿಲ್ಲ.

ಬರ್ಲಿನ್‌ನ ಸಾರ್ವಜನಿಕ ಈಜುಕೊಳಗಳಲ್ಲಿ 2023ರಿಂದ ಹೆಂಗಸರೂ ಗಂಡಸರಂತೆ ಎದೆ ಮುಚ್ಚದೆ ಈಜಬಹುದು. ಅದಕ್ಕೆ ಕಾರಣವಾದ ಹೆಂಗಸೊಬ್ಬರ ದೂರಿನಲ್ಲಿ ಸೂರ್ಯ, ಗಾಳಿ, ನಿಸರ್ಗದ ಮಾತಿರಲಿಲ್ಲ. ಗಂಡಸಿಗಿದ್ದ ಹಕ್ಕು ನನಗೇಕಿಲ್ಲ ಎಂಬುದೊಂದೇ ಪ್ರಶ್ನೆ. ಹಳಬರು ನಗ್ನತೆಯನ್ನು ಆರೋಗ್ಯವೆಂದೋ ಸ್ವಾತಂತ್ರ್ಯವೆಂದೋ ಕಂಡರು. ಹೊಸಬರು ಅದನ್ನು ಹಕ್ಕು ಮತ್ತು ಒಪ್ಪಿಗೆಯ ಕಣ್ಣಿನಿಂದ ನೋಡುತ್ತಾರೆ.

ಘರ್ಷಣೆ ಹುಟ್ಟುವುದೂ ಇಲ್ಲಿಯೇ. ಎಳೆಯರು ಹೇಳುವುದು: ಬಟ್ಟೆ ಕಳಚುವುದೂ ಬಿಡುವುದೂ ನನ್ನ ಇಷ್ಟ, ಮೊದಲ ದಿನ ಚಡ್ಡಿ ತೊಟ್ಟೇ ಕೂರುತ್ತೇನೆ. ಹಳಬರ ಉತ್ತರ: ಅರ್ಧ ಜನ ಬಟ್ಟೆ ತೊಟ್ಟು ಕೂತರೆ ಉಳಿದವರು ನೋಟಕ್ಕಿಟ್ಟ ಗೊಂಬೆಗಳಾಗುತ್ತಾರೆ. ಬಟ್ಟೆ ತೊಟ್ಟವರನ್ನು ನ್ಯೂಡಿಸ್ಟರು 'ಟೆಕ್ಸ್‌ಟೈಲ್' ಎಂದು ಕರೆಯುತ್ತಾರೆ. ಜರ್ಮನಿಯ ರೋಸ್ಟಾಕ್ ನಗರ 2025ರಲ್ಲಿ, ನಗ್ನರಿಗೆಂದು ಗುರುತಿಸಿದ ಕಡಲ ತೀರದಲ್ಲಿ ಬಟ್ಟೆ ತೊಟ್ಟವರನ್ನು ಹೊರಕಳಿಸಲು ಅವಕಾಶ ಕೊಡುವ ನಿಯಮ ತಂದಿತು. ಈ ವಿಷಯದಲ್ಲಿ ನಾನು ಹಳಬರ ಪರ. ಎಲ್ಲರೂ ಒಂದೇ ಸ್ಥಿತಿಯಲ್ಲಿರುವುದರಿಂದಲೇ ಅಲ್ಲಿ ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಹೊಸಬರಿಗೆ ತಮ್ಮ ವೇಗದಲ್ಲಿ ಮೈಚಳಿ ಬಿಡಲು ಒಂದು ಅಂಚು, ಒಂದು ಜಗಲಿ ಇರಲಿ, ಈಜುಕೊಳದ ಬಳಿ ಬೇಡ.

ಒಂಟಿ ಗಂಡಸರ ವಿಷಯದಲ್ಲಿ ನಾನು ಎಳೆಯರ ಪರ. ಗಂಡಸರ ಸಂಖ್ಯೆ ಹೆಚ್ಚಬಾರದೆಂದು ಎಷ್ಟೋ ಕ್ಲಬ್ಬುಗಳು ಜೋಡಿಗಳಿಗೆ ಮಾತ್ರ ಸದಸ್ಯತ್ವ ಕೊಡುತ್ತ ಬಂದಿವೆ, ಒಂಟಿ ಗಂಡಸರಿಗೆ ಮಿತಿ ಹಾಕಿವೆ. ಹೆಂಗಸರ ನೆಮ್ಮದಿಗೆಂದು ಮಾಡಿದ ನಿಯಮವದು. ಆದರೆ ತಡವಾಗಿ ಮದುವೆಯಾಗುವ, ಮದುವೆಯೇ ಆಗದ ತಲೆಮಾರಿಗೆ ಅದು ಮುಚ್ಚಿದ ಬಾಗಿಲು. ನೆಮ್ಮದಿ ಬರುವುದು ನಡತೆಯ ಮೇಲೆ ಕಣ್ಣಿಟ್ಟಾಗ. ದಿಟ್ಟಿಸಿದವನನ್ನು, ಫೋನೆತ್ತಿದವನನ್ನು, ಬೇಡವೆಂದರೂ ಬಳಿ ಬಂದು ಕೂತವನನ್ನು ಅಂದೇ ಹೊರಗೆ ಹಾಕಬೇಕು. ದೂರು ಕೊಟ್ಟವಳಿಗೆ "ಅವನು ನಮ್ಮ ಹಳೇ ಸದಸ್ಯ" ಎಂಬ ಉತ್ತರ ಸಿಕ್ಕರೆ ಅವಳು ಮತ್ತೆ ಬರುವುದಿಲ್ಲ, ಗೆಳತಿಯರನ್ನೂ ಕರೆತರುವುದಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಬರುತ್ತೇನೆ. ಅಭ್ಯಾಸ ಉಳಿಯುತ್ತದೆ ಎಂದೆ. ಕಳೆದುಹೋಗುವ ಅಪಾಯ ಇರುವುದು ಜಾಗಕ್ಕೆ. ಸೈಕಲ್ ಜಾಥಾಕ್ಕೆ ರಸ್ತೆ ಸಾಕು, ಸಂಜೆಯ ಈಜಿಗೆ ಬಾಡಿಗೆ ಕೊಳ ಸಾಕು. ಆದರೆ ಇಡೀ ದಿನ ಕ್ಯಾಮೆರಾದ ಭಯವಿಲ್ಲದೆ ಇರಲು ಬೇಲಿಯೊಳಗಿನ ಮರದ ನೆರಳೇ ಬೇಕು. ಹಿಂದೆ ಪೊಲೀಸರಿಗೆ ಅಂಜಿ ಹಾಕಿದ ಬೇಲಿ ಈಗ ಲೆನ್ಸಿನಿಂದ ಕಾಪಾಡುತ್ತದೆ. ಸದಸ್ಯರು ಒಬ್ಬೊಬ್ಬರಾಗಿ ತೀರಿಕೊಂಡು, ಖರ್ಚು ತೂಗಿಸಲಾಗದೆ ಅಂಥ ಜಮೀನನ್ನು ಮಾರಿದರೆ ಮತ್ತೆ ಅಷ್ಟು ಜಾಗ ಕೊಳ್ಳುವುದು, ನೆರೆಹೊರೆಯವರನ್ನು ಒಪ್ಪಿಸುವುದು, ಪರವಾನಗಿ ಪಡೆಯುವುದು ಇನ್ನೊಂದು ತಲೆಮಾರಿನ ಕೈಲಾಗದ ಮಾತು. ಆಡಳಿತ ಸಮಿತಿಯಲ್ಲಿ ಮೂವತ್ತರೊಳಗಿನ ಇಬ್ಬರನ್ನಾದರೂ ಕೂರಿಸಿ, ಹಣದ ಲೆಕ್ಕವನ್ನೂ ಗೇಟಿನ ಬೀಗದ ಕೈಯನ್ನೂ ಅವರ ಕೈಗೆ ಕೊಡುವ ಕೆಲಸವನ್ನು ಈಗ ಎಪ್ಪತ್ತರಲ್ಲಿರುವವರೇ, ಮೈಯಲ್ಲಿ ಕಸುವಿರುವಾಗಲೇ ಮಾಡಬೇಕು.